ಗಂಟೆ ಹೊಡೆದ ಮೇಲೆ ತಿದ್ದಬಹುದೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. "ನಿಮ್ಮ ಆ ರೇಡಿಯೊ ವಿಚಾರ ಹೇಳಿ" ಎಂದಿದ್ದಾರೆ. ರೇಡಿಯೊ ಎಂದರೆ ಹಾಸನ ಆಕಾಶವಾಣಿ ಎಂದುಕೊಂಡು ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದಲ್ಲ. ನಮ್ಮ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಎಳೆದಿರುವ ತಂತಿಯನ್ನು ನೀವು ರಸ್ತೆಯಿಂದ ನೋಡಿರುತ್ತೀರಿ. ಅದನ್ನು ಆನೆಗೆ ಹಾಕಿದ ಬೇಲಿ ಎಂದು ತಿಳಿದವರಿದ್ದಾರೆ. ಇಷ್ಟು ಎತ್ತರಕ್ಕೆ ಬೇಲಿ ಹಾಕಿದರೆ ಆನೆ ಕೆಳಗಿನಿಂದ ಆರಾಮಾಗಿ ನಡೆದು ಹೋಗುತ್ತದಲ್ಲ ಎಂದು ಒಬ್ಬರು ನನಗೆ ಬುದ್ಧಿಯನ್ನೂ ಹೇಳಿದರು. ಅದು ಆಂಟೆನಾ. ಎಂಸಿಎಫ್‌ನ ದೊಡ್ಡ ದೊಡ್ಡ ತಟ್ಟೆಗಳನ್ನು ನೋಡಿ ಬೆಳೆದ ಹಾಸನ ಜಿಲ್ಲೆಯವರಿಗೆ ಹತ್ತು ಮೀಟರ್ ತಾಮ್ರದ ತಂತಿಯನ್ನು ಆಂಟೆನಾ ಎಂದು ಒಪ್ಪಿಕೊಳ್ಳುವುದು ಕಷ್ಟ. ಆದರೆ ಆ ತಂತಿಯಿಂದ ಸಂಜೆ ಹೊತ್ತು ಯೂರೋಪಿನವರ ಜೊತೆ ಮಾತಾಡಬಹುದು.

ಇದಕ್ಕೆ ಹವ್ಯಾಸಿ ರೇಡಿಯೊ ಅಥವಾ ಹ್ಯಾಮ್ ರೇಡಿಯೊ ಎನ್ನುತ್ತಾರೆ. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ್ದರೆ ಸಾಕು, ಎಂದರೆ ಇಲ್ಲಿ ಕೂತಿರುವ ಎಂಟನೇ ಕ್ಲಾಸಿನ ಮಕ್ಕಳೂ ಬರೆಯಬಹುದು. ಪಾಸಾದವರಿಗೆ ಒಂದು ಕರೆಸಂಕೇತ ಸಿಗುತ್ತದೆ. ನಮ್ಮ ದೇಶದವರದ್ದು ಸಾಮಾನ್ಯವಾಗಿ ವಿಯು 2 ಅಥವಾ ವಿಯು 3 ಎಂದು ಶುರುವಾಗಿ ಮುಂದೆ ಎರಡೋ ಮೂರೋ ಅಕ್ಷರ ಇರುತ್ತದೆ. ಗಾಳಿಯಲ್ಲಿ ನಮ್ಮ ಹೆಸರೇ ಅದು. ಜಾತಿ, ಊರು, ಅಪ್ಪನ ಹೆಸರು ಯಾವುದೂ ಅದರಲ್ಲಿ ಇಲ್ಲ. ಅದರಲ್ಲಿ ಒಂದು ಅಕ್ಷರ ತಪ್ಪಿದರೆ ಇನ್ನೊಬ್ಬ ಮನುಷ್ಯನೇ ಆಗಿಬಿಡುತ್ತಾನೆ.

ಹವ್ಯಾಸ ಎಂದ ಮೇಲೆ ಸ್ಪರ್ಧೆಯೂ ಇರಲೇಬೇಕಲ್ಲ. ದೊಡ್ಡ ಸ್ಪರ್ಧೆಗಳಲ್ಲೊಂದು ಸಿಕ್ಯೂ ವರ್ಲ್ಡ್ ವೈಡ್. 1948ರಿಂದ ನಡೆದುಕೊಂಡು ಬಂದಿದೆ. ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ಮಾತಿನಲ್ಲಿ, ನವೆಂಬರ್ ಕೊನೆಯ ಶನಿವಾರ, ಭಾನುವಾರ ಮೋರ್ಸ್ ಸಂಕೇತದಲ್ಲಿ. ಒಟ್ಟು 48 ಗಂಟೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ 5:30ಕ್ಕೆ ಶುರುವಾಗಿ ಸೋಮವಾರ ಬೆಳಗಿನ 5:30ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಎಷ್ಟು ದೇಶದವರನ್ನು, ಎಷ್ಟು ಜನರನ್ನು ಮಾತಾಡಿಸಿದೆ ಎನ್ನುವುದೇ ಆಟ. ಮಾತು ಎಂದರೆ ಕ್ಷೇಮ ಸಮಾಚಾರವಲ್ಲ. ಅವನ ಕರೆಸಂಕೇತ, ನನ್ನ ಕರೆಸಂಕೇತ, ಎರಡು ಸಂಖ್ಯೆ, ಮುಗಿಯಿತು. ಮೊದಲನೆಯದು ದನಿ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದರ ಅಂಕಿ. ಎರಡನೆಯದು ವಲಯದ ಸಂಖ್ಯೆ. ಜಗತ್ತನ್ನು 40 ವಲಯ ಮಾಡಿದ್ದಾರೆ, ನಮ್ಮದು 22.

ಆ ಮೊದಲ ಸಂಖ್ಯೆಯ ಬಗ್ಗೆ ಒಂದು ಗುಟ್ಟು ಹೇಳಬೇಕು. ಎಲ್ಲರೂ ಎಲ್ಲರಿಗೂ "59" ಎಂದೇ ಹೇಳುತ್ತಾರೆ. 59 ಎಂದರೆ ಸ್ಪಷ್ಟ, ಜೋರು ಎಂದರ್ಥ. "ನಿಮ್ಮ ದನಿ ಕೇಳಿಸ್ತಿಲ್ಲ, ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ" ಎಂದು ನಾಲ್ಕು ಸಲ ಕೂಗಿ, ಕೊನೆಗೆ "ಸರಿ, ನಿಮಗೆ 59" ಎನ್ನುತ್ತಾರೆ. ಜಪಾನಿನವರು ನಡೆಸುವ ಆಲ್ ಏಷ್ಯನ್ ಸ್ಪರ್ಧೆ ಈ ವಿಷಯದಲ್ಲಿ ಜಾಣತನದ್ದು. ಅದರಲ್ಲಿ ವಲಯದ ಬದಲು ನಮ್ಮ ವಯಸ್ಸು ಹೇಳಬೇಕು. ಹೆಂಗಸರು ಬೇಡವೆಂದರೆ 00 ಎನ್ನಬಹುದು. ಕೇಳಿದರೆ ತಮಾಷೆ ಅನಿಸುತ್ತದೆ. ಆದರೆ ವಿಯು ಎಂದು ಕೇಳಿದೊಡನೆ 22 ಎಂದು ಕಿವಿ ಕೊಡದೆಯೇ ಬರೆದುಬಿಡಬಹುದು. ಎದುರಿನವನ ವಯಸ್ಸನ್ನು ಮಾತ್ರ ಕೇಳಿಸಿಕೊಂಡೇ ಬರೆಯಬೇಕು. ನನ್ನ ವಯಸ್ಸು ನನ್ನ ನೆಂಟರಿಗಿಂತ ಜಪಾನಿನವರಿಗೇ ಚೆನ್ನಾಗಿ ಗೊತ್ತು.

ಇನ್ನು ಲಾಗ್ ವಿಚಾರ. ಲಾಗ್ ಎಂದರೆ ದಾಖಲೆ ಪುಸ್ತಕ. ಯಾವ ಗಳಿಗೆ, ಯಾವ ತರಂಗಪಟ್ಟಿ, ಯಾರು, ಏನು ಹೇಳಿದರು ಎಂಬುದೆಲ್ಲ ಒಂದೊಂದು ಸಾಲು. ಈಗ ಕಂಪ್ಯೂಟರಿನಲ್ಲೇ ಬರೆಯುತ್ತೇವೆ. ಸ್ಪರ್ಧೆ ಮುಗಿದ ಐದು ದಿನದೊಳಗೆ ಕಳಿಸಬೇಕು. ಬರೆದದ್ದು ನಿಜವೋ ಸುಳ್ಳೋ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಕಾಫಿ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಕಡೆ ಮಳೆ ಲೆಕ್ಕ ಬರೆಯದ ತೋಟದ ಮನೆ ಯಾವುದಿದೆ? ನಿನ್ನೆ ಒಂದು ಇಂಚು ನಲವತ್ತು ಸೆಂಟು, ಮೊನ್ನೆ ಎಂಬತ್ತು ಸೆಂಟು ಎಂದು ಅಜ್ಜನ ಕಾಲದಿಂದ ಡೈರಿಯಲ್ಲಿ ಇದೆ. ಒಬ್ಬರು "ಹೂಮಳೆ ನಮಗೆ ಒಂದೂವರೆ ಇಂಚು ಬಂತು" ಎಂದರೆ ನಾವು ಅವರನ್ನು ಪ್ರಶ್ನೆ ಕೇಳುವುದಿಲ್ಲ. ಬೇಲಿಯಾಚೆಯವರನ್ನು "ನಿಮಗೆ ಎಷ್ಟಾಯ್ತು?" ಎಂದು ಕೇಳುತ್ತೇವೆ. ಅವರು ಮೂವತ್ತು ಸೆಂಟು ಎಂದರೆ ಮನಸ್ಸಿನಲ್ಲೇ ನಗುತ್ತೇವೆ.

ಲಾಗ್ ತಪಾಸಣೆಯೂ ಅಷ್ಟೇ. ಸಾವಿರಾರು ಲಾಗ್‌ಗಳು ಒಂದೇ ಕಡೆ ಸೇರುತ್ತವೆ. ನಾನು ಫಿನ್‌ಲ್ಯಾಂಡಿನವನ ಜೊತೆ ಮಾತಾಡಿದೆ ಎಂದು ಬರೆದಿದ್ದರೆ ಫಿನ್‌ಲ್ಯಾಂಡಿನವನ ಪುಸ್ತಕ ತೆಗೆದು ಅದೇ ಹೊತ್ತಿನಲ್ಲಿ, ಅದೇ ತರಂಗಪಟ್ಟಿಯಲ್ಲಿ ನಾನಿದ್ದೇನೆಯೇ ಎಂದು ಯಂತ್ರ ನೋಡುತ್ತದೆ. ಇದ್ದರೆ ಅಂಕ. ನಾನು ಬರೆದ ಕರೆಸಂಕೇತದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅಂಕವೂ ಹೋಗುತ್ತದೆ, ಮೇಲೆ ಅದರ ಎರಡರಷ್ಟು ದಂಡ. ಅವನ ಪುಸ್ತಕದಲ್ಲಿ ನಾನು ಇಲ್ಲವೇ ಇಲ್ಲ ಎಂದರೂ ಅಷ್ಟೇ ದಂಡ.

ದಂಡ ಎಷ್ಟು ದೊಡ್ಡದು ಎಂದು ಮಕ್ಕಳಿಗಾಗಿ ಒಂದು ಲೆಕ್ಕ. ಬೇರೆ ಖಂಡದವರು ಸಿಕ್ಕರೆ 3 ಅಂಕ. ಏಷ್ಯಾದೊಳಗೇ ಬೇರೆ ದೇಶವಾದರೆ 1. ಕೂಡಿ ಬಂದ ಅಂಕವನ್ನು, ಒಂದೊಂದು ಪಟ್ಟಿಯಲ್ಲಿ ಎಷ್ಟು ದೇಶ, ಎಷ್ಟು ವಲಯ ಮುಟ್ಟಿದೆವೋ ಆ ಒಟ್ಟು ಸಂಖ್ಯೆಯಿಂದ ಗುಣಿಸುತ್ತಾರೆ. 300 ಜನ ಸಿಕ್ಕರು, ಎಲ್ಲರೂ ಬೇರೆ ಖಂಡದವರು ಎನ್ನಿ. 900 ಅಂಕ. ಗುಣಕ 100. ಮೊತ್ತ 90,000. ಅದರಲ್ಲಿ ಒಂದು ಹೊಸ ದೇಶದವನ ಕರೆಸಂಕೇತ ತಪ್ಪಾಗಿದೆ. 3 ಅಂಕ ಹೋಯಿತು, ದಂಡ 6, ಉಳಿದದ್ದು 891. ಗುಣಕವೂ ಒಂದು ಇಳಿದು 99. ಗುಣಿಸಿ ನೋಡಿ, 88,209. ಒಂದು ಅಕ್ಷರಕ್ಕೆ 1,791 ಹೋಯಿತು.

ಈಗ ನಮ್ಮಲ್ಲಿ ನಡೆದ ಜಗಳದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದಿನ ಅಕ್ಟೋಬರ್ ಸ್ಪರ್ಧೆಗೆ ನಮ್ಮ ತೋಟದ ಮನೆಯಲ್ಲಿ ಮೂವರು ಕೂತಿದ್ದೆವು. ನಾನು, ಬೆಂಗಳೂರಿನಿಂದ ಬಂದ ಗೆಳೆಯ, ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಆಗ ಹಾಸನದಲ್ಲಿ ಡಿಗ್ರಿ ಓದುತ್ತಿದ್ದ ಒಬ್ಬಳು ಹುಡುಗಿ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಅವಳಿಗೆ ಲೈಸೆನ್ಸ್ ಬಂದು ಆರು ತಿಂಗಳಾಗಿತ್ತು. ಮೊದಲ ಸ್ಪರ್ಧೆ. ಸರದಿ ಹಾಕಿಕೊಂಡು ಎರಡು ರಾತ್ರಿ ಕೂತೆವು. ಹೊರಗೆ ಹಿಂಗಾರು ಮಳೆ, ಗುಡುಗು ಬಂದಾಗ ಆಂಟೆನಾ ಕಿತ್ತಿಟ್ಟು ಕಾಫಿ ಕುಡಿಯುವುದು, ನಿಂತ ಮೇಲೆ ಮತ್ತೆ ಸಿಕ್ಕಿಸುವುದು.

ಭಾನುವಾರ ಸಂಜೆ ಅವಳ ಸರದಿಯಲ್ಲಿ ಪರಾಗ್ವೆಯವನು ಸಿಕ್ಕ. ದಕ್ಷಿಣ ಅಮೆರಿಕದ ನಡುವಿನ ಚಿಕ್ಕ ದೇಶ. ನಮ್ಮ ಗುಡ್ಡದಿಂದ ಅದು ಸಿಗುವುದು ಅಪರೂಪ. ಅವಸರದ ಮನುಷ್ಯ. ಬ್ರಾವೊ, ವಿಕ್ಟರ್ ಎಂದು ಬಿಡಿಸಿ ಹೇಳುವ ಪದ್ಧತಿ ಬಿಟ್ಟು ಬರೀ ಅಕ್ಷರ ಹೇಳಿಕೊಂಡು ಹೋದ. ಸ್ಪ್ಯಾನಿಷ್ ಮಾತಾಡುವವರ ಬಾಯಲ್ಲಿ ಬಿ ಮತ್ತು ವಿ ಒಂದೇ ತರ ಬರುತ್ತವೆ. ಅವಳು ಕೊನೆಯ ಅಕ್ಷರ ಬಿ ಎಂದು ಬರೆದಳು.

ಸೋಮವಾರ ಬೆಳಿಗ್ಗೆ 5:30ಕ್ಕೆ ಮುಗಿಯಿತು. ಮಧ್ಯಾಹ್ನ ಮಲಗಿ ಎದ್ದ ಗೆಳೆಯ ಲಾಗ್ ತಿರುವಿ ಹಾಕುತ್ತ ಕೂತ. ಆ ಹೊತ್ತಿಗೆ ಬೇರೆಯವರು ತಮ್ಮ ತಮ್ಮ ಲೆಕ್ಕದ ಮೊತ್ತ ಪ್ರಕಟಿಸಿದ್ದರು. ನಮ್ಮ ವರ್ಗದಲ್ಲಿ ಭಾರತದಿಂದ ಇನ್ನೊಂದು ತಂಡ ನಮ್ಮ ಬೆನ್ನಿಗೇ ಇತ್ತು. ದೇಶಕ್ಕೆ ಮೊದಲು ಬಂದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ, ಅಷ್ಟೇ. ಹಣವಿಲ್ಲ, ಕಪ್ಪಿಲ್ಲ. ಆದರೂ ಆಸೆ ಆಸೆಯೇ. ಗೆಳೆಯ ಪರಾಗ್ವೆಯ ಸಾಲಿನ ಮೇಲೆ ಬೆರಳಿಟ್ಟ. "ಮಾರಾಯ, ಇಂಥ ಕರೆಸಂಕೇತವೇ ಪಟ್ಟಿಯಲ್ಲಿ ಇಲ್ಲ. ವಿ ಎಂದು ಕೊನೆಯಾಗುವವನು ಇದ್ದಾನೆ, ಪ್ರತಿ ವರ್ಷ ಆಡುವವನು. ಇದು ಅವನೇ. ತಿದ್ದೋಣ."

ನಿಯಮ ಸ್ಪಷ್ಟವಾಗಿದೆ. ಸ್ಪರ್ಧೆ ಮುಗಿದ ಮೇಲೆ ಪಟ್ಟಿ ನೋಡಿ, ಧ್ವನಿಮುದ್ರಣ ಕೇಳಿ, ಇಮೇಲ್ ಮಾಡಿ ವಿಚಾರಿಸಿ ಕರೆಸಂಕೇತ ತಿದ್ದುವಂತಿಲ್ಲ. ಗೆಳೆಯನಿಗೂ ಅದು ಗೊತ್ತು. ಅವನು ಕಳ್ಳನಲ್ಲ, ಹಟದ ಮನುಷ್ಯ. ಅವನ ವಾದವನ್ನು ಅವನ ಮಾತಿನಲ್ಲೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಸತ್ವವಿದೆ. "ನಾವು ಅವನ ಜೊತೆ ಮಾತಾಡಿದ್ದು ಸುಳ್ಳೇ? ಅಲ್ಲ. ಅವನು ನಮ್ಮನ್ನು ಬರೆದುಕೊಂಡಿದ್ದು ಸುಳ್ಳೇ? ಅಲ್ಲ. ನಾನು ಸುಳ್ಳನ್ನು ಅಳಿಸಿ ನಿಜ ಬರೆಯುತ್ತೇನೆ ಎನ್ನುತ್ತಿದ್ದೇನೆ. ಇನ್ನೊಂದು ಕೇಳು. ಸ್ಪರ್ಧೆ ನಡೆಯುವಾಗ ಇದೇ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಳ್ಳಬಹುದು, ಅದಕ್ಕೆ ನಿಯಮದ ಅಡ್ಡಿಯಿಲ್ಲ. ನಾಲ್ಕು ಅಕ್ಷರ ಒತ್ತಿದರೆ ಹೋಲುವ ಹೆಸರುಗಳೆಲ್ಲ ಪಕ್ಕದಲ್ಲಿ ಬರುತ್ತವೆ. ಭಾನುವಾರ ಸಂಜೆ ಆ ಪಟ್ಟಿ ನೋಡಿ ಇವಳು ವಿ ಒತ್ತಿದ್ದರೆ ನ್ಯಾಯ. ಸೋಮವಾರ ಮಧ್ಯಾಹ್ನ ಅದೇ ಪಟ್ಟಿ ನೋಡಿ ನಾನು ವಿ ಒತ್ತಿದರೆ ಅನ್ಯಾಯ. ಪಟ್ಟಿ ಅದೇ, ಅಕ್ಷರ ಅದೇ. ಇದೆಂಥ ನಿಯಮ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಗಿ ಕಾಫಿ ಲೋಟ ತೊಳೆಯುತ್ತಿದ್ದಳು. ಅಲ್ಲಿಂದಲೇ ಹೇಳಿದಳು, "ಸರ್, ಪರೀಕ್ಷೇಲಿ ಗಂಟೆ ಹೊಡೆದ ಮೇಲೆ ಉತ್ತರ ನೆನಪಾದ್ರೂ ಉತ್ತರ ಪತ್ರಿಕೆ ಕೊಟ್ಟು ಬರ್ತೀವಲ್ಲ. ಉತ್ತರ ಸರಿ ಇದ್ರೂನೂ." ಆಮೇಲೆ ಕೈ ಒರೆಸಿಕೊಂಡು ಬಂದು, "ನಾನು ಕೇಳಿಸಿಕೊಂಡಿದ್ದು ಬಿ. ವಿ ಅಂತ ನನ್ನ ಕಿವಿಗೆ ಬಿದ್ದಿಲ್ಲ" ಎಂದಳು.

ಗೆಳೆಯ ಬಿಡಲಿಲ್ಲ. ಪರೀಕ್ಷೆ ನೆನಪಿನದ್ದು, ಇದು ಮಾತುಕತೆಯದ್ದು, ಎರಡೂ ಒಂದೇ ಹೇಗಾಗುತ್ತದೆ ಎಂದ. ಆಮೇಲೆ ನನಗೂ ಒಂದು ಮಾತು ಹೊಳೆಯಿತು. ಭಾನುವಾರ ಸಂಜೆ ಪಟ್ಟಿ ನೋಡಿ ಅನುಮಾನ ಬಂದಿದ್ದರೆ ಅವಳು ಅವನನ್ನೇ "ಬ್ರಾವೊನೋ ವಿಕ್ಟರೋ?" ಎಂದು ಕೇಳಬಹುದಿತ್ತು. ಎದುರಿಗೆ ಮನುಷ್ಯ ಇದ್ದ. ಪಟ್ಟಿ ಅನುಮಾನ ಹುಟ್ಟಿಸಬಹುದು, ಅದನ್ನು ತೀರಿಸುವವನು ಅವನೇ. ಸೋಮವಾರ ಅವನಿಲ್ಲ. ಈಗ ಪಟ್ಟಿ ಮಾತಾಡುತ್ತದೆ, ನಾವು ಅವನ ಬಾಯಲ್ಲಿ ಹೇಳಿಸುತ್ತೇವೆ. ಬೇಲಿಯಾಚೆಯವರ ಮಳೆ ಲೆಕ್ಕ ನೋಡಿ ನಮ್ಮ ಡೈರಿಯನ್ನು ತಿದ್ದಿಕೊಂಡರೆ ಎರಡು ಡೈರಿ ಇದ್ದೂ ಪ್ರಯೋಜನವಿಲ್ಲವಲ್ಲ. ಹೋಲಿಸುವುದಕ್ಕೆ ಏನು ಉಳಿಯಿತು?

ನಿಲ್ದಾಣ ನನ್ನ ಹೆಸರಿನಲ್ಲಿತ್ತು, ಲಾಗ್ ಕಳಿಸುವ ಹೊಣೆಯೂ ನನ್ನದು. ಇದ್ದದ್ದನ್ನು ಇದ್ದ ಹಾಗೇ ಕಳಿಸುವುದು ಎಂದೆ. ಕಳಿಸುವುದೂ ಸುಲಭವಾಗಲಿಲ್ಲ. ಮಳೆಗೆ ನೆಟ್ ಇರಲಿಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ನಿಮ್ಮಲ್ಲಿ ಕೆಲವರು ಕೊಡೆ ಹಿಡಿದು ಹತ್ತಿದ ಗುಡ್ಡ ಇದೆಯಲ್ಲ, ಅದನ್ನೇ ಹತ್ತಿ ಬುಧವಾರ ಕಳಿಸಿದೆವು. ಐದು ದಿನದ ಗಡುವು ಊರಿಗೂರೇ ಕತ್ತಲಲ್ಲಿ ಇರುವ ಕಡೆಗೆ ಬಿಗಿಯಾಯಿತು ಎಂದು ನನ್ನ ಅಭಿಪ್ರಾಯ. ಆದರೆ ಗಡುವು ಉದ್ದವಾದಷ್ಟೂ ಕೂತು ತಿದ್ದುವವರಿಗೆ ಅನುಕೂಲ ಎಂಬುದೂ ನಿಜ.

ಅದೇ ಲಾಗ್‌ನಲ್ಲಿ ಇನ್ನೊಂದು ಸಾಲಿತ್ತು. ಶನಿವಾರ ರಾತ್ರಿ ಫಿನ್‌ಲ್ಯಾಂಡಿನವನೊಬ್ಬ ನಮ್ಮ ಕರೆಸಂಕೇತ ಸರಿಯಾಗಿ ಹೇಳಿದ, ತನ್ನ ಸಂಖ್ಯೆ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಗೆ ಬದಲಾಯಿಸಿಕೊಳ್ಳುವ ಹೊತ್ತಿಗೆ ಅವನು ಮುಂದಕ್ಕೆ ಹೋಗಿದ್ದ. ನಮ್ಮ ಮಟ್ಟಿಗೆ ಅದು ಅರ್ಧ ಮಾತು, ಬರೆಯುವಂತಿಲ್ಲ. ಆದರೆ ಅವನು ಬಹುಶಃ ಪೂರ್ತಿ ಎಂದು ತಿಳಿದು ಬರೆದುಕೊಂಡಿರುತ್ತಾನೆ. ನಮ್ಮ ಪುಸ್ತಕದಲ್ಲಿ ಅವನಿಲ್ಲದಿದ್ದರೆ ಅವನಿಗೆ ದಂಡ. ಸಕಲೇಶಪುರದ ಕಡೆ ಕರೆಂಟ್ ಹೋದದ್ದಕ್ಕೆ ಫಿನ್‌ಲ್ಯಾಂಡಿನವನು ಯಾಕೆ ದಂಡ ಕಟ್ಟಬೇಕು? ಈ "ಪುಸ್ತಕದಲ್ಲಿಲ್ಲ" ಎಂಬ ದಂಡದ ಬಗ್ಗೆ ಆಟಗಾರರಲ್ಲಿ ಹಳೆಯ ತಕರಾರಿದೆ. ಸರಿಯಾಗಿ ಕೇಳಿ ಸರಿಯಾಗಿ ಬರೆದವನಿಗೂ ಎದುರಿನವನ ಅಜಾಗರೂಕತೆಯಿಂದ ಪೆಟ್ಟು. ನನಗೂ ಅದು ಪೂರ್ತಿ ನ್ಯಾಯ ಎನಿಸುವುದಿಲ್ಲ. ಆದರೆ ಆ ದಂಡವನ್ನು ತೆಗೆದುಹಾಕಿದರೆ ಮಾತಾಡದವರ ಹೆಸರನ್ನೂ ಪುಸ್ತಕದಲ್ಲಿ ತುಂಬಿಸುವವರು ಹುಟ್ಟಿಕೊಳ್ಳುತ್ತಾರೆ.

ಇದಕ್ಕೆ ಒಂದು ದಾರಿ ಇದೆ. ಲಾಗ್‌ನ ಸಾಲಿನ ಮುಂದೆ ಒಂದು ಎಕ್ಸ್ ಹಾಕಿ ಕಳಿಸಬಹುದು. ಆ ಸಾಲಿಗೆ ನಮಗೆ ಅಂಕವಿಲ್ಲ, ದಂಡವೂ ಇಲ್ಲ. ಆದರೆ ಎದುರಿನವನ ಪುಸ್ತಕ ತಪಾಸಣೆಗೆ ಬಂದಾಗ ನಾವು ಅವನನ್ನು ಕೇಳಿದ್ದು ನಿಜ ಎಂದು ಗೊತ್ತಾಗುತ್ತದೆ. ಆ ರಾತ್ರಿ ಕತ್ತಲಲ್ಲೇ ಗೆಳೆಯ ಅವನ ಕರೆಸಂಕೇತವನ್ನು ಕಾಗದದ ಮೇಲೆ ಗುರುತು ಹಾಕಿಟ್ಟಿದ್ದ. ಎಕ್ಸ್ ಹಾಕೋಣ ಎಂದವನೂ ಅವನೇ. ನಾನು ಹೇಳಲಿಲ್ಲವೇ, ಕಳ್ಳನಲ್ಲ ಎಂದು.

ಚರ್ಚೆಯಲ್ಲಿರುವ ನಿಯಮಗಳು ಇನ್ನೂ ಬೇಕಾದಷ್ಟಿವೆ. ಒಂಟಿಯಾಗಿ ಆಡಿ ಮೊದಲ ಐದು ಸ್ಥಾನಕ್ಕೆ ಪೈಪೋಟಿ ಮಾಡುವವರು 48 ಗಂಟೆಯ ಧ್ವನಿಮುದ್ರಣ ಇಟ್ಟುಕೊಂಡು ಕೇಳಿದಾಗ ಕೊಡಬೇಕು. ಲಾಗ್‌ಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಕೆಲವರಿಗೆ ಇದು ಅತಿಯಾಯಿತು ಎನಿಸುತ್ತದೆ, ನನಗೆ ಎನಿಸುವುದಿಲ್ಲ. ನಮ್ಮ ದೇಶದವರ ಜೊತೆ ನಾವು ಮಾತಾಡಿದರೆ ಸೊನ್ನೆ ಅಂಕ ಎಂಬುದು ಮಾತ್ರ ಚುಚ್ಚುತ್ತದೆ. ಪಟ್ಟಿಗೊಂದು ಸಲ ದೇಶದ ಲೆಕ್ಕಕ್ಕೆ ಸೇರುತ್ತದೆ, ನಿಜ. ಯೂರೋಪಿನಲ್ಲಿ ಹತ್ತಿರ ಹತ್ತಿರ ಹತ್ತಾರು ದೇಶ ಇರುವುದರಿಂದ ಅಲ್ಲಿಯವನು ಕೂತಲ್ಲೇ ಒಂದೊಂದು ಅಂಕ ಎಣಿಸುತ್ತಾನೆ. ಇಲ್ಲಿಂದ ಕಾಶ್ಮೀರದವರೆಗೂ ಕೂಗಿದರೆ ನಮಗೆ ಸೊನ್ನೆ. ಇದರ ಮೇಲೆ ಜಗಳ ಮಾಡಬೇಕು, ಆದರೆ ಸ್ಪರ್ಧೆಗೆ ಮುಂಚೆ ಮಾಡಬೇಕು.

"ಇಷ್ಟೆಲ್ಲ ಯಾಕೆ, ಆಟ ತಾನೆ?" ಎಂದು ನಮ್ಮ ಮನೆಯಲ್ಲೂ ಕೇಳುತ್ತಾರೆ. 2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಲ್ಲಿತ್ತು. ಹೋಗಿದ್ದದ್ದು ಹವ್ಯಾಸಕ್ಕೇ, ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುವುದಕ್ಕೆ. 26ರ ಬೆಳಿಗ್ಗೆ ಸುನಾಮಿ ಬಂತು. ಫೋನ್ ಸತ್ತಿತ್ತು. ಅದೇ ರೇಡಿಯೊ, ಅದೇ ಆಂಟೆನಾ ಇಟ್ಟುಕೊಂಡು ಅವರು ದ್ವೀಪದಲ್ಲಿದ್ದವರ ಕ್ಷೇಮದ ಸುದ್ದಿಯನ್ನು ದೇಶದ ಈ ಕಡೆಗೆ ದಾಟಿಸಿದರು. ಅಂಥ ಹೊತ್ತಿನಲ್ಲಿ ಹೆಸರಿನ ಒಂದು ಅಕ್ಷರವನ್ನು "ಇರಬೇಕು" ಎಂದು ತುಂಬಿಸುವ ಹಾಗಿಲ್ಲ. ಬದುಕಿದ್ದಾರೆ ಎಂಬ ಸುದ್ದಿ ಬೇರೆ ಮನೆಗೆ ಹೋಗಬಹುದು. 2018ರ ಮಳೆಗಾಲದಲ್ಲಿ ಶಿರಾಡಿ ಘಾಟ್ ಮುಚ್ಚಿ, ಸುಬ್ರಹ್ಮಣ್ಯದ ರೈಲು ಹಳಿಯ ಮೇಲೆ ಗುಡ್ಡ ಕುಸಿದದ್ದನ್ನು ನೋಡಿದ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ತಿಂಗಳುಗಳ ಮೇಲೆ ತಪಾಸಣೆಯ ವರದಿ ಬಂತು. ಪರಾಗ್ವೆಯವನ ಸಾಲಿಗೆ ದಂಡ ಬಿದ್ದಿತ್ತು. ಸರಿಯಾದ ಕರೆಸಂಕೇತವನ್ನೂ ವರದಿಯಲ್ಲಿ ಕೊಟ್ಟಿದ್ದರು. ಕೊನೆಯ ಅಕ್ಷರ ವಿ. ಗೆಳೆಯ ಹೇಳಿದ್ದೇ ಸರಿ. ಇನ್ನೊಂದು ತಂಡ ನಮಗಿಂತ ಮುಂದೆ ಹೋಯಿತು. ಆ ಒಂದು ಸಾಲು ಉಳಿದಿದ್ದರೆ ಮೊದಲ ಸ್ಥಾನ ನಮಗೆ ಬರುತ್ತಿತ್ತೇ ಎಂದು ಲೆಕ್ಕ ಹಾಕಿ ನೋಡಿದೆ. ಬರುತ್ತಿತ್ತು. ಹುಡುಗಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವನು ನಮ್ಮನ್ನ ಸರಿಯಾಗಿ ಬರ್ಕೊಂಡಿದ್ನಾ ಸರ್?" ಎಂದು ಕೇಳಿದಳು. ಬರೆದುಕೊಂಡಿದ್ದ. ಅವನಿಗೆ ಅಂಕ ಸಿಕ್ಕಿದೆ ಎಂದೆ. ಗೆಳೆಯ ಈಗಲೂ ಪ್ರತಿ ಅಕ್ಟೋಬರಿಗೆ ಬರುತ್ತಾನೆ, ಈಗಲೂ ಅದೇ ವಾದ ಮಾಡುತ್ತಾನೆ. ಪಟ್ಟಿಯನ್ನು ಸ್ಪರ್ಧೆಯ ಒಳಗೂ ನಿಷೇಧಿಸಿ, ಆಗ ನಾನು ಒಪ್ಪುತ್ತೇನೆ ಎನ್ನುತ್ತಾನೆ. ಅದಕ್ಕೆ ನನ್ನ ಹತ್ತಿರ ಇನ್ನೂ ಪೂರ್ತಿ ಉತ್ತರವಿಲ್ಲ.

ನನ್ನ ಸಮಯ ಮುಗಿಯುತ್ತ ಬಂತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದು ನಮ್ಮ ಬ್ಯಾಚಿನವರು ಯೋಚಿಸಿದಾಗ ಕೆಲವರು ರೇಡಿಯೊ ಸೆಟ್ ಎಂದರು. ಅದಕ್ಕೆ ಲೈಸೆನ್ಸ್ ಪಡೆದವರು ಬೇಕು, ಅದು ಮುಂದೆ ನೋಡೋಣ. ಪರೀಕ್ಷೆ ಬರೆಯುವ ಮನಸ್ಸಿರುವ ಮಕ್ಕಳು ಭಾನುವಾರ ತೋಟಕ್ಕೆ ಬನ್ನಿ, ಹೇಳಿಕೊಡುತ್ತೇನೆ. ಈಗ ಒಂದು ಮಳೆಮಾಪಕ ತಂದಿದ್ದೇವೆ, ಜೊತೆಗೆ ಎರಡು ದಪ್ಪ ನೋಟ್‌ಬುಕ್. ಮುಖ್ಯೋಪಾಧ್ಯಾಯರು ಧ್ವಜಸ್ತಂಭದ ಪಕ್ಕ ಜಾಗ ತೋರಿಸಿದ್ದಾರೆ, ಅಲ್ಲಿ ಮರದ ಹನಿ ಬೀಳುವುದಿಲ್ಲ. ದಿನಾ ಬೆಳಿಗ್ಗೆ 8:30ಕ್ಕೆ ಇಬ್ಬರು ಮಕ್ಕಳು ಅಳೆಯಲಿ. ಒಬ್ಬರು ಅಳೆದು ಬರೆದು ಪುಸ್ತಕ ಮುಚ್ಚಿದ ಮೇಲೆ ಇನ್ನೊಬ್ಬರು ಬಂದು ನೋಡಿ ತಮ್ಮ ಪುಸ್ತಕದಲ್ಲಿ ಬರೆಯಲಿ, ನೀರು ಚೆಲ್ಲುವುದು ಆಮೇಲೆ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ. ತಿಂಗಳ ಕೊನೆಗೆ ವಿಜ್ಞಾನದ ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ಮೊದಲ ಜೋಡಿ ಯಾರು ಎಂದು ಸೋಮವಾರದ ಪ್ರಾರ್ಥನೆಯಲ್ಲಿ ಹೇಳುತ್ತಾರಂತೆ.